ಪಿಕಪ್‌ಗೆ ಯಾವ ಟಯರ್, ಎಷ್ಟು ಇಂಚು ಲಿಫ್ಟ್? ಮೊದಲು ಟಯರ್, ಆಮೇಲೆ ಎತ್ತರ

"ಕಾಕ, ಗಾಡಿಗೆ ಎರಡಿಂಚು ಲಿಫ್ಟ್ ಮಾಡಿಸಿ ಆಯ್ತು. ಇನ್ನು ಯಾವ ಟಯರ್ ಕೂರುತ್ತದೆ?"

ಮಂಗಳೂರು, ಉಪ್ಪಳ, ಕಾಸರಗೋಡು ಕಡೆಯ ಟಯರ್ ಅಂಗಡಿಗಳಿಗೆ ಈ ಪ್ರಶ್ನೆ ಈಗ ಹೊಸತಲ್ಲ. ಕೇಳುವವರು ಹೆಚ್ಚಾಗಿ ಹುಡುಗರು. ಕೆಲವರು ಗಲ್ಫ್‌ನಿಂದ ರಜೆಗೆ ಬಂದವರು, ಇನ್ನು ಕೆಲವರು ಅಲ್ಲಿನ ಕೆಲಸ ಸಾಕು ಅಂತ ಊರಲ್ಲೇ ನಿಂತವರು. ದಮಾಮ್‌ನ ಹೊರವಲಯದಲ್ಲೋ ಅಲ್ ಐನ್‌ನ ಮರಳುಗುಡ್ಡೆಯಲ್ಲೋ ಕಂಡ ಎತ್ತರದ ಹೈಲಕ್ಸ್ ಅವರ ಕಣ್ಣಲ್ಲಿ ಉಳಿದಿರುತ್ತದೆ. ಪಿಕಪ್ ಅಂದರೆ ಮೀನು, ಅಡಕೆ, ಸಿಮೆಂಟ್ ಹೊರುವ ಗಾಡಿ ಮಾತ್ರ ಎಂಬ ಕಾಲವೂ ಹೋಯಿತು. ಇಸುಝು ವಿ-ಕ್ರಾಸ್ 2016ರಲ್ಲಿ, ಟೊಯೋಟ ಹೈಲಕ್ಸ್ 2022ರಲ್ಲಿ ಭಾರತದ ಶೋರೂಮ್‌ಗೆ ಬಂದ ಮೇಲೆ ಅದು ಮನೆಯವರನ್ನು ಕೂರಿಸಿಕೊಂಡು ಮದುವೆಗೆ ಹೋಗುವ ಗಾಡಿಯೂ ಆಗಿದೆ.

ಆದರೆ ಮೇಲಿನ ಪ್ರಶ್ನೆಯ ಕ್ರಮವೇ ತಲೆಕೆಳಗು. ಮೊದಲು ನೋಡಬೇಕಾದದ್ದು ಗಾಡಿ ಓಡುವ ರಸ್ತೆ. ರಸ್ತೆ ನೋಡಿ ಟಯರ್, ಟಯರ್ ನೋಡಿ ಲಿಫ್ಟ್. ಲಿಫ್ಟ್ ಮೊದಲು ಮಾಡಿಸಿದವರು ಆ ಖಾಲಿ ಜಾಗ ತುಂಬಿಸಲಿಕ್ಕೆ ದೊಡ್ಡ ಟಯರ್ ಹುಡುಕುತ್ತಾರೆ. ದೊಡ್ಡ ಟಯರ್ ಉಜ್ಜಿತು ಅಂತ ಮತ್ತೆ ಇನ್ನೊಂದಿಂಚು ಎತ್ತಿಸುತ್ತಾರೆ. ಇದಕ್ಕೆ ಕೊನೆ ಇಲ್ಲ, ಗಲ್ಫ್‌ನಲ್ಲಿ ದುಡಿದ ದುಡ್ಡಿಗೆ ಕೊನೆ ಇದೆ.

ಟಯರ್ ಮೇಲಿನ ಅಂಕೆ ಏನು ಹೇಳುತ್ತದೆ?

ಹೈಲಕ್ಸ್‌ನ ಟಯರ್ ಮೇಲೆ 265/65 ಆರ್ 17 ಅಂತ ಇರುತ್ತದೆ. 265 ಅಂದರೆ ಟಯರಿನ ಅಗಲ, ಮಿಲಿಮೀಟರ್‌ನಲ್ಲಿ. 65 ಅಂದರೆ ಪಕ್ಕದ ಗೋಡೆಯ ಎತ್ತರ, ಆದರೆ ಅದು ಮಿಲಿಮೀಟರ್ ಅಲ್ಲ, ಅಗಲದ ಶೇಕಡಾ 65. ಹಾಗೆಂದರೆ 172 ಮಿ.ಮೀ. ಚಿಲ್ಲರೆ. 17 ಅನ್ನುವುದು ರಿಮ್‌ನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರ್, ಶೇಕಡಾ, ಇಂಚು ಮೂರನ್ನೂ ಬೆರೆಸಿಟ್ಟವರ ಬುದ್ಧಿಗೆ ಏನು ಹೇಳುವುದೋ ಗೊತ್ತಿಲ್ಲ, ಲೆಕ್ಕ ಮಾತ್ರ ಕಷ್ಟದ್ದಲ್ಲ. ಮೇಲೊಂದು ಕೆಳಗೊಂದು ಗೋಡೆ, ನಡುವೆ ರಿಮ್. 172.25ರ ಎರಡು ಪಟ್ಟು 344.5. ಹದಿನೇಳು ಇಂಚನ್ನು 25.4ರಿಂದ ಗುಣಿಸಿದರೆ 431.8. ಎರಡೂ ಸೇರಿ 776 ಮಿ.ಮೀ. ಚಿಲ್ಲರೆ, ಅಂದರೆ ಮೂವತ್ತೂವರೆ ಇಂಚು. ಇದು ಚಕ್ರದ ಒಟ್ಟು ಎತ್ತರ.

ಈ ಲೆಕ್ಕ ಗೊತ್ತಿದ್ದರೆ ಅಂಗಡಿಯಲ್ಲಿ ಯಾರೂ ಏಮಾರಿಸಲಿಕ್ಕೆ ಆಗುವುದಿಲ್ಲ. ಹೈಲಕ್ಸ್‌ನ ಮೇಲಿನ ಮಾದರಿಗೆ 18 ಇಂಚಿನ ರಿಮ್ ಇದೆ, ಟಯರ್ 265/60 ಆರ್ 18. ರಿಮ್ ದೊಡ್ಡದು ಅಂತ ಗಾಡಿ ಎತ್ತರ ಅಂದುಕೊಳ್ಳುವವರಿದ್ದಾರೆ. ಲೆಕ್ಕ ಹಾಕಿದರೆ ಅದೂ 775 ಮಿ.ಮೀ.ಯೇ. ರಿಮ್ ದೊಡ್ಡದಾದಷ್ಟು ರಬ್ಬರ್ ಗೋಡೆ ಚಿಕ್ಕದಾಗಿದೆ, ಅಷ್ಟೆ. ಹೊಂಡಕ್ಕೆ ಬಿದ್ದಾಗ ಪೆಟ್ಟು ತಿನ್ನುವುದು ಆ ಗೋಡೆ. ಗುಡ್ಡದ ದಾರಿ, ಕಲ್ಲಿನ ದಾರಿ ಇರುವವರಿಗೆ 17ರ ರಿಮ್ಮೇ ಲಾಯಕ್ಕು, 18 ಚಂದಕ್ಕೆ.

ಈಗ ದೊಡ್ಡದಕ್ಕೆ ಹೋಗುವ. 265/70 ಆರ್ 17 ಹಾಕಿದರೆ ಎತ್ತರ 803 ಮಿ.ಮೀ., ಮೂಲ ಟಯರಿಗಿಂತ ಶೇಕಡಾ 3.4 ಹೆಚ್ಚು. ಹುಡುಗರು "ತರ್ಟಿ ತ್ರೀ" ಅಂತ ಕರೆಯುವ 285/70 ಆರ್ 17ರ ಎತ್ತರ 831 ಮಿ.ಮೀ., ಶೇಕಡಾ 7 ಹೆಚ್ಚು. ಕೇಳಲಿಕ್ಕೆ ಮೂರೂವರೆ, ಏಳು ಅಂದರೆ ಏನೂ ಅಲ್ಲ ಅನಿಸುತ್ತದೆ. ಗಾಡಿಗೆ ಅದು ದೊಡ್ಡ ವ್ಯತ್ಯಾಸ.

ಲಿಫ್ಟ್ ಎತ್ತುವುದು ಏನನ್ನು?

ಲಿಫ್ಟ್ ಮಾಡಿಸಿದರೆ ಗಾಡಿಯ ಅಡಿ ಕಲ್ಲಿಗೆ ತಾಗುವುದಿಲ್ಲ ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಪಿಕಪ್‌ನ ಹಿಂಭಾಗ ನೋಡಿದರೆ ಗೊತ್ತಾಗುತ್ತದೆ. ಎರಡು ಚಕ್ರಗಳ ನಡುವೆ ಒಂದೇ ಗಟ್ಟಿ ಆಕ್ಸೆಲ್, ಅದರ ನಡುವೆ ತೆಂಗಿನಕಾಯಿ ಹಾಗೆ ಉಬ್ಬಿದ ಡಿಫರೆನ್ಷಿಯಲ್. ಅದರ ಮೇಲೆ ಲೀಫ್ ಪಟ್ಟಿ, ಪಟ್ಟಿಯ ಮೇಲೆ ಚಾಸಿ. ಲಿಫ್ಟ್ ಮಾಡುವುದು ಆಕ್ಸೆಲ್‌ಗೂ ಚಾಸಿಗೂ ನಡುವೆ. ಅಂದರೆ ಬಾಡಿ ಮೇಲೆ ಹೋಗುತ್ತದೆ, ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ನಾಲ್ಕಿಂಚು ಲಿಫ್ಟ್ ಮಾಡಿಸಿದ ಗಾಡಿಯ ಡಿಫರೆನ್ಷಿಯಲ್ ಕೂಡ ನೆಲದಿಂದ ಕಂಪೆನಿ ಗಾಡಿಯಷ್ಟೇ ದೂರ. ದಾರಿ ನಡುವಿನ ಕಲ್ಲು ಮೊದಲು ತಾಗುವುದು ಅದಕ್ಕೇ.

ಅದನ್ನು ಎತ್ತುವುದು ಟಯರ್ ಮಾತ್ರ, ಅದೂ ಹೆಚ್ಚಿದ ಎತ್ತರದ ಅರ್ಧದಷ್ಟು. ಟಯರಿನ ಅರ್ಧ ಆಕ್ಸೆಲ್‌ನ ಕೆಳಗೆ, ಇನ್ನರ್ಧ ಮೇಲೆ ಅಲ್ಲವೇ? 265/70 ಹಾಕಿದರೆ 13 ಮಿ.ಮೀ., 285/70 ಹಾಕಿದರೆ 27 ಮಿ.ಮೀ. ಸಿಗುತ್ತದೆ. "ತರ್ಟಿ ತ್ರೀ"ಯ ಇಡೀ ಸಂಭ್ರಮದಿಂದ ಆಕ್ಸೆಲ್‌ಗೆ ಸಿಕ್ಕಿದ್ದು ಒಂದಿಂಚು!

ಹಾಗಾದರೆ ಲಿಫ್ಟ್ ದಂಡವೇ? ಅಲ್ಲ. ಮುಂದಿನ ಬಂಪರ್ ಏರಿಗೆ ತಾಗದ ಹಾಗೆ, ಹೊಟ್ಟೆ ದಿಬ್ಬದಲ್ಲಿ ಕೂರದ ಹಾಗೆ ಅದು ಸಹಾಯ ಮಾಡುತ್ತದೆ. ದೊಡ್ಡ ಟಯರ್ ಉಜ್ಜದಂತೆ ಸ್ವಲ್ಪ ಜಾಗವನ್ನೂ ಕೊಡುತ್ತದೆ. ಇಲ್ಲೂ ಒಂದು ಮರ್ಮ ಇದೆ. ಗಾಡಿ ನಿಂತಿರುವಾಗ ಚಕ್ರದ ಮೇಲೆ ಕಾಣುವ ಜಾಗ ನೋಡಿ ಮೋಸಹೋಗಬಾರದು. ಹೊಂಡಕ್ಕೆ ಬಿದ್ದು ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ಚಕ್ರ ಮೇಲೆ ಹೋಗಿ ನಿಲ್ಲುವ ಜಾಗ ಬಂಪ್ ಸ್ಟಾಪ್ ಹೇಳಿದ ಜಾಗ. ಲಿಫ್ಟ್ ಮಾಡಿಸಿದರೂ ಆ ಜಾಗ ಬದಲಾಗುವುದಿಲ್ಲ. ಹಾಗಾಗಿ ಅಂಗಡಿ ಮುಂದೆ ಚಂದ ಕೂತ ಟಯರ್, ಗುಡ್ಡದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಒಂದು ಚಕ್ರ ಹೊಂಡಕ್ಕಿಳಿದಾಗ ಒಳಗಿನ ಪ್ಲಾಸ್ಟಿಕ್ ಲೈನರ್ ಕಿತ್ತು ಬರುತ್ತದೆ.

ಮುಂಭಾಗದ ಕಥೆಯೇ ಬೇರೆ. ಹೈಲಕ್ಸ್, ವಿ-ಕ್ರಾಸ್ ಎರಡರಲ್ಲೂ ಮುಂದಿನ ಚಕ್ರಗಳು ಒಂದಕ್ಕೊಂದು ಸಂಬಂಧವಿಲ್ಲದೆ ಮೇಲೆ ಕೆಳಗೆ ಆಡುತ್ತವೆ. ಎಂಜಿನ್ನಿನ ಶಕ್ತಿ ಡ್ರೈವ್ ಶಾಫ್ಟ್ ಮೂಲಕ ಚಕ್ರಕ್ಕೆ ಹೋಗುತ್ತದೆ. ಗಾಡಿ ಎತ್ತಿದಷ್ಟು ಆ ಶಾಫ್ಟ್ ಓರೆಯಾಗುತ್ತದೆ, ಅದರ ಸಿವಿ ಜಾಯಿಂಟ್‌ನ ರಬ್ಬರ್ ಬೂಟ್ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ. ಬೂಟ್ ಹರಿದರೆ ಗ್ರೀಸ್ ಹೊರಗೆ, ಮಳೆನೀರು ಮಣ್ಣು ಒಳಗೆ. ಒಂದು ಮಳೆಗಾಲ ಸಾಕು, ಜಾಯಿಂಟ್ ಕಟಕಟ ಅನ್ನಲಿಕ್ಕೆ ಶುರು. ಸಾಮಾನ್ಯವಾಗಿ ಇಂಥ ಗಾಡಿಗಳಲ್ಲಿ ಎರಡಿಂಚಿನವರೆಗೆ ಕಂಪೆನಿಯ ಅಪ್ಪರ್ ಆರ್ಮ್ ಇಟ್ಟೇ ಅಲೈನ್‌ಮೆಂಟ್ ಸರಿಮಾಡಬಹುದು. ಅದಕ್ಕಿಂತ ಮೇಲೆ ಹೋದರೆ ಆರ್ಮ್ ಬದಲಿಸಬೇಕು, ಮುಂದಿನ ಡಿಫರೆನ್ಷಿಯಲ್ ಇಳಿಸಬೇಕು, ಖರ್ಚು ಬೆಳೆಯುತ್ತಾ ಹೋಗುತ್ತದೆ.

ಅಗ್ಗದ ದಾರಿ ಅಂತ ಸ್ಪೇಸರ್ ಹಾಕಿಸುವವರು ಇನ್ನೊಂದು ವಿಷಯ ತಿಳಿದಿರಬೇಕು. ಮುಂದಿನ ಶಾಕ್ ಕೂತಿರುವುದು ಲೋವರ್ ಆರ್ಮ್‌ನ ತುದಿಯಲ್ಲಲ್ಲ, ಹೆಚ್ಚುಕಡಿಮೆ ನಡುವಿನಲ್ಲಿ. ಅದಕ್ಕೆ ಶಾಕ್‌ನ ಮೇಲೆ ಒಂದಿಂಚಿನ ಬಿಲ್ಲೆ ಇಟ್ಟರೆ ಚಕ್ರದ ಹತ್ತಿರ ಸುಮಾರು ಎರಡಿಂಚು ಏರುತ್ತದೆ. "ಎರಡಿಂಚು ಬೇಕು" ಅಂತ ಎರಡಿಂಚಿನ ಬಿಲ್ಲೆಯನ್ನೇ ಇಡಿಸಿದವನ ಗಾಡಿ ನಾಲ್ಕಿಂಚಿನ ಹತ್ತಿರ ಹೋಗಿ ನಿಲ್ಲುತ್ತದೆ. ಸಿವಿ ಜಾಯಿಂಟ್, ಬಾಲ್ ಜಾಯಿಂಟ್ ಎರಡಕ್ಕೂ ಅದು ಮಿತಿ ಮೀರಿದ್ದು. ಹಿಂದೆ ಲೀಫ್ ಪಟ್ಟಿಗೆ ಉದ್ದದ ಶ್ಯಾಕಲ್ ಹಾಕಿದರೆ ಲೆಕ್ಕ ತಿರುಗಿಬೀಳುತ್ತದೆ: ಎರಡಿಂಚು ಉದ್ದದ ಶ್ಯಾಕಲ್‌ನಿಂದ ಸಿಗುವುದು ಒಂದಿಂಚು. ಸರಿಯಾದ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್ ಸೇರಿಸಿ ಸೆಟ್ ಆಗಿ ಹಾಕಿಸುವುದು ದುಬಾರಿ, ಆದರೆ ಅದೇ ಸರಿ. ಬಾಡಿಗೂ ಚಾಸಿಗೂ ನಡುವೆ ಗಟ್ಟಿ ಇಟ್ಟು ಎತ್ತುವ ಬಾಡಿ ಲಿಫ್ಟ್ ಎಂಬುದೊಂದಿದೆ. ಅದರ ಹತ್ತಿರ ಹೋಗದಿರುವುದೇ ಕ್ಷೇಮ.

ಮಾಲು ಹೊರುವ ಪಿಕಪ್‌ಗಳ ಹಿಂಭಾಗ ಖಾಲಿ ಇದ್ದಾಗ ಮುಂಭಾಗಕ್ಕಿಂತ ಎತ್ತರ ಕಾಣುತ್ತದೆ. ಅದು ಕಂಪೆನಿಯ ತಪ್ಪಲ್ಲ, ಭಾರ ಹಾಕಿದಾಗ ಸಮವಾಗಲಿ ಅಂತ ಬಿಟ್ಟದ್ದು. ನೋಡಲಿಕ್ಕೆ ಸಮ ಇರಲಿ ಅಂತ ಮುಂದೆ ಮಾತ್ರ ಎತ್ತಿಸಿದವರು ಆಮೇಲೆ ಹತ್ತು ಮೂಟೆ ಅಡಕೆ ಹೇರಿದರೆ ಮೂತಿ ಆಕಾಶ ನೋಡುತ್ತದೆ. ಹೆಡ್‌ಲೈಟ್ ಎದುರಿನ ಸ್ಕೂಟರಿನವನ ಕಣ್ಣಿಗೆ ಹೊಡೆಯುತ್ತದೆ.

ಮರಳು ಬೇರೆ, ಮುರಕಲ್ಲು ಬೇರೆ

ಗಲ್ಫ್‌ನಲ್ಲಿ ಮರಳಿಗೆ ಇಳಿಯುವವರು ಮೊದಲು ಮಾಡುವ ಕೆಲಸ ಟಯರಿನ ಗಾಳಿ ಬಿಡುವುದು. ರಸ್ತೆಯಲ್ಲಿ 30ಕ್ಕಿಂತ ಮೇಲಿರುವ ಪಿಎಸ್‌ಐ ಅನ್ನು 15ರಿಂದ 18ಕ್ಕೆ ಇಳಿಸುತ್ತಾರೆ. ಟಯರ್ ಚಪ್ಪಟೆಯಾಗಿ ಉದ್ದಕ್ಕೆ ನೆಲ ಹಿಡಿಯುತ್ತದೆ, ಗಾಡಿ ಹೂಳದೆ ತೇಲಿದ ಹಾಗೆ ಹೋಗುತ್ತದೆ. ಡಾಂಬರಿಗೆ ಬಂದ ಕೂಡಲೇ ಮತ್ತೆ ಗಾಳಿ. ಅಲ್ಲಿ ಗಾಡಿಯನ್ನು ದಾಟಿಸುವುದು ಲಿಫ್ಟ್‌ಗಿಂತ ಹೆಚ್ಚಾಗಿ ಈ ಗಾಳಿಯ ಲೆಕ್ಕ ಮತ್ತು ಎತ್ತರದ ರಬ್ಬರ್ ಗೋಡೆ.

ಊರಿನ ಕಷ್ಟ ಅದಲ್ಲ. ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಸುರಿಯುವ ಕಾಸರಗೋಡಿನಲ್ಲಿ ಗಾಡಿ ಜಾರುವುದು ಒದ್ದೆ ಮುರಕಲ್ಲಿನ ಮೇಲೆ, ಪಾಚಿ ಹಿಡಿದ ಕಾಂಕ್ರೀಟ್ ಏರಿನಲ್ಲಿ, ತೋಟದ ದಾರಿಯ ಕೆಂಪು ಕೆಸರಿನಲ್ಲಿ. ಅದರ ಮೇಲೆ ದಿನದ ಓಡಾಟದ ಬಹುಪಾಲು ರಾಷ್ಟ್ರೀಯ ಹೆದ್ದಾರಿ 66ರ ಒದ್ದೆ ಡಾಂಬರಿನಲ್ಲಿ. ದೊಡ್ಡ ದೊಡ್ಡ ಗುಬ್ಬಿಗಳಿರುವ ಮಡ್ ಟೆರೈನ್ ಟಯರ್ ಆಳದ ಕೆಸರಿಗೆ ಮಾಡಿದ್ದು. ಒದ್ದೆ ಡಾಂಬರಿನಲ್ಲಿ ಅದರ ರಬ್ಬರ್ ನೆಲಕ್ಕೆ ತಾಗುವುದು ಕಡಿಮೆ, ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲಲಿಕ್ಕೆ ಹೆಚ್ಚು ದೂರ ಬೇಕು. ಅದರ ಗುಂಯ್ ಶಬ್ದ ಬೇರೆ. ವರ್ಷಕ್ಕೆ ಎರಡು ಸಲ ರಾಣಿಪುರಂ, ಒಂದು ಸಲ ಪೊಸಡಿಗುಂಪೆ ಹತ್ತುವವರಿಗೆ ಆಲ್ ಟೆರೈನ್ ಧಾರಾಳ ಸಾಕು. ಹೆದ್ದಾರಿ ಬಿಟ್ಟು ಇಳಿಯದವರಿಗೆ ಕಂಪೆನಿ ಕೊಟ್ಟ ಟಯರಿಗಿಂತ ಒಳ್ಳೆಯದು ಇಲ್ಲ.

ಹಾಗಾಗಿ ಈ ಕರಾವಳಿಯ ಮಟ್ಟಿಗೆ ಹೆಚ್ಚಿನ ಪಿಕಪ್‌ಗಳಿಗೆ ಸರಿಯಾದ ಉತ್ತರ ಇಷ್ಟೆ: ಕಂಪೆನಿ ಅಳತೆಯಲ್ಲೇ ಒಳ್ಳೆಯ ಆಲ್ ಟೆರೈನ್, ಲಿಫ್ಟ್ ಸೊನ್ನೆ. ದಿನಾ ತೋಟ, ಕೋರೆ, ಗುಡ್ಡ ಇರುವವರಿಗೆ ಬೇಕಾದರೆ ಒಂದು ಮೆಟ್ಟಿಲು ಮೇಲೆ, 265/70 ಆರ್ 17. ಅದು ಸಾಮಾನ್ಯವಾಗಿ ಲಿಫ್ಟ್ ಇಲ್ಲದೆಯೋ ಅಥವಾ ಒಂದಿಂಚಿನ ಆಸುಪಾಸಿನಲ್ಲೋ ಕೂರುತ್ತದೆ. 285/70ಕ್ಕೆ ಹೋದರೆ ಎರಡಿಂಚು ಎತ್ತಿದರೂ ಚಕ್ರದ ಗೂಡಿನ ಹಿಂಬದಿಯಲ್ಲಿ ಕತ್ತರಿಸುವ ಕೆಲಸ ಬರುವುದೇ ಹೆಚ್ಚು.

ಏಳು ಶೇಕಡಾ ಅಂದರೆ

ಚಕ್ರ ಶೇಕಡಾ 7 ದೊಡ್ಡದಾಯಿತು, ಬ್ರೇಕ್ ಡಿಸ್ಕ್ ಇದ್ದಷ್ಟೇ ಇದೆ. ಕಾಲಲ್ಲಿ ಅಷ್ಟೇ ಒತ್ತಿದರೆ ರಸ್ತೆಯಲ್ಲಿ ಸಿಗುವ ಹಿಡಿತ ಹೆಚ್ಚುಕಡಿಮೆ ಅಷ್ಟೇ ಪಾಲು ಕಡಿಮೆ. ಟಯರ್ ಭಾರವೂ ಹೆಚ್ಚು, ತಿರುಗುವ ಭಾರ ನಿಲ್ಲಿಸುವುದು ಸುಮ್ಮನಿರುವ ಭಾರ ನಿಲ್ಲಿಸಿದ ಹಾಗಲ್ಲ. ಖಾಲಿ ಗಾಡಿಯಲ್ಲಿ ಗೊತ್ತಾಗುವುದಿಲ್ಲ. ಮಳೆಯಲ್ಲಿ, ಭಾರ ಹೇರಿ, ಚಾರ್ಮಾಡಿ ಘಾಟಿ ಇಳಿಯುವಾಗ ಗೊತ್ತಾಗುತ್ತದೆ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸೆಲ್‌ಗೂ ಚಾಸಿಗೂ ನಡುವೆ ಭಾರ ನೋಡಿ ಬ್ರೇಕ್ ಹಂಚುವ ವಾಲ್ವ್ ಇರುತ್ತದೆ. ಹಿಂಭಾಗ ಎತ್ತಿದರೆ ಅದು ಗಾಡಿ ಖಾಲಿ ಇದೆ ಅಂದುಕೊಳ್ಳುತ್ತದೆ, ಹಿಂದಿನ ಚಕ್ರಕ್ಕೆ ಬ್ರೇಕ್ ಕಡಿಮೆ ಕೊಡುತ್ತದೆ. ಲಿಫ್ಟ್ ಮಾಡುವವನಿಗೆ ಇದನ್ನು ಹೊಂದಿಸಲಿಕ್ಕೆ, ಬ್ರೇಕ್ ಹೋಸ್ ಸಾಕಷ್ಟು ಉದ್ದ ಇದೆಯಾ ಅಂತ ನೋಡಲಿಕ್ಕೆ ಗೊತ್ತಿರಬೇಕು. ಕೇಳಿ ನೋಡಿದರೆ ಗೊತ್ತಾಗುತ್ತದೆ. ಈ ಪ್ರಶ್ನೆಗೆ "ಅದೆಲ್ಲ ಏನೂ ಆಗುವುದಿಲ್ಲ ಮೋನೇ" ಅನ್ನುವ ವರ್ಕ್‌ಶಾಪಿನಿಂದ ಹಾಗೇ ವಾಪಸ್ ಬರುವುದು ಒಳ್ಳೆಯದು.

ಏರಿನಲ್ಲೂ ಅದೇ ಲೆಕ್ಕ. ಎಲ್ಲ ಗೇರ್‌ಗಳಲ್ಲೂ ಎಳೆತ ಅಷ್ಟು ಕಡಿಮೆ, ಕ್ಲಚ್ ಸವೆತ ಅಷ್ಟು ಹೆಚ್ಚು. ಇನ್ನು ಮೀಟರ್. ಚಕ್ರದ ಒಂದು ಸುತ್ತಿಗೆ ಇಷ್ಟು ದೂರ ಅಂತ ಕಂಪೆನಿ ಲೆಕ್ಕ ಕೊಟ್ಟಿದೆ, ಅದೀಗ ಸುಳ್ಳು. ಮೀಟರ್ 80 ತೋರಿಸುವಾಗ ಗಾಡಿ 85ರ ಮೇಲೆ ಹೋಗುತ್ತಿರಬಹುದು. ಕಂಪೆನಿ ಮೀಟರ್‌ಗಳು ಮೊದಲೇ ಸ್ವಲ್ಪ ಹೆಚ್ಚು ತೋರಿಸುವ ಕಾರಣ ಇದರಲ್ಲಿ ಒಂದು ಪಾಲು ಮುಚ್ಚಿಹೋಗುತ್ತದೆ, ಪೂರ್ತಿ ಅಲ್ಲ. 2023ರ ಜೂನ್‌ನಿಂದ ಕೇರಳದ ರಸ್ತೆಗಳಲ್ಲಿ ಎಐ ಕ್ಯಾಮೆರಾಗಳಿವೆ; ಸ್ಪೀಡ್ ಹಿಡಿಯುವ ಕ್ಯಾಮೆರಾಕ್ಕೆ ಗಾಡಿಯ ಮೀಟರ್ ಏನು ಹೇಳಿತು ಅನ್ನುವುದು ಬೇಕಿಲ್ಲ.

ಎತ್ತರದ ಗಾಡಿ ತಿರುವಿನಲ್ಲಿ ಹೆಚ್ಚು ವಾಲುತ್ತದೆ, ಗಕ್ಕನೆ ಸ್ಟೀರಿಂಗ್ ಎಳೆದರೆ ಮಗುಚುವ ಸಂಭವ ಹೆಚ್ಚು. ಇದು ಎಲ್ಲರಿಗೂ ಗೊತ್ತು. ಹೆಚ್ಚಿನವರು ಯೋಚಿಸದ ಎರಡು ವಿಷಯ ಬೇರೆ ಇವೆ. ಒಂದು, ಬಂಪರ್. ಎಲ್ಲ ಗಾಡಿಗಳ ಬಂಪರ್ ಹೆಚ್ಚುಕಡಿಮೆ ಒಂದಕ್ಕೊಂದು ಎದುರಾಗುವ ಎತ್ತರದಲ್ಲಿದ್ದರೆ ಪೆಟ್ಟನ್ನು ಅವೇ ತಿನ್ನುತ್ತವೆ. ಎತ್ತಿಸಿದ ಪಿಕಪ್ ಸಣ್ಣ ಕಾರಿಗೆ ಗುದ್ದಿದರೆ ಅದರ ಬಂಪರ್ ಮೇಲಿಂದ ಹೋಗಿ ಒಳಗೆ ಕೂತವರ ಹತ್ತಿರಕ್ಕೇ ಮುಟ್ಟುತ್ತದೆ. ಎರಡು, ಬಾನೆಟ್ ಮುಂದಿನ ಕುರುಡು ಜಾಗ. ಗಾಡಿ ಏರಿದಷ್ಟು ಡ್ರೈವರ್‌ಗೆ ಎದುರಿನ ನೆಲ ಕಾಣದೆ ಹೋಗುತ್ತದೆ. ಸಣ್ಣ ಮಕ್ಕಳು ಗಾಡಿ ಸ್ಟಾರ್ಟ್ ಆದ ಕೂಡಲೇ ಓಡಿಬರುವ ಅಂಗಳಗಳು ಇಲ್ಲಿ ಎಷ್ಟಿವೆ ಅಂತ ಹೇಳಬೇಕಾಗಿಲ್ಲ. ಮಂಡಿನೋವಿನ ಉಮ್ಮ ಆ ಎತ್ತರಕ್ಕೆ ಹೇಗೆ ಹತ್ತುತ್ತಾರೆ ಎಂಬುದನ್ನೂ ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ತಲಪಾಡಿಯ ಆಚೆ ಈಚೆ

ತಲಪಾಡಿ ದಾಟಿದರೆ ಕಾನೂನು ಬದಲಾಗುತ್ತದೆ ಅಂದುಕೊಂಡವರಿದ್ದಾರೆ. ಮೋಟಾರು ವಾಹನ ಕಾಯ್ದೆ ಕೇಂದ್ರದ್ದು, ಎರಡೂ ಕಡೆ ಒಂದೇ. ಬದಲಾಗುವುದು ತಪಾಸಣೆಯ ಬಿಗಿ. ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕ ಕಂಪೆನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. ಇದಕ್ಕೆ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಕೊಟ್ಟ ತೀರ್ಪು ಕೇರಳದಿಂದಲೇ ಹೋದ ಪ್ರಕರಣದ್ದು. ಬದಲಾವಣೆಗೆ ಸಡಿಲಿಕೆ ಕೊಟ್ಟಿದ್ದ ಕೇರಳ ಹೈಕೋರ್ಟ್ ಆದೇಶವನ್ನು ಅದು ರದ್ದು ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್‌ನ 4ನೇ ಉಪವಿಭಾಗದಂತೆ, ಅನುಮತಿ ಇಲ್ಲದ ಬದಲಾವಣೆ ಮಾಡಿದ ಮಾಲಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. "ಒಂದೊಂದಕ್ಕೂ" ಎಂಬ ಮಾತು ಗಮನಿಸಬೇಕು. ಲಿಫ್ಟ್ ಒಂದು, ಟಯರ್ ಒಂದು, ಬಂಪರ್ ಒಂದು ಅಂತ ಲೆಕ್ಕ ಏರಬಹುದು. 2021ರಲ್ಲಿ ಕಣ್ಣೂರಿನಲ್ಲಿ ವ್ಲಾಗರ್ ಸಹೋದರರ ವ್ಯಾನ್ ಜಪ್ತಿಯಾದ ಸುದ್ದಿ ಇಲ್ಲಿನ ಹುಡುಗರಿಗೆ ಮರೆತಿರಲಿಕ್ಕಿಲ್ಲ.

ಅದೇ ಗಾಡಿಯ ಬೇರೆ ಮಾದರಿಗೆ ಕಂಪೆನಿಯೇ ಕೊಡುವ ಅಳತೆಗೆ ಹೋಗುವುದು ಕಡಿಮೆ ತಕರಾರಿನ ದಾರಿ. ಅದರಾಚೆಗೆ ಏನು ಮಾಡಿಸುವುದಿದ್ದರೂ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಬೇಕು, ಇನ್ಶೂರೆನ್ಸ್‌ನವರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ತಿಳಿಸದೆ ಮಾಡಿಸಿದ ಬದಲಾವಣೆ ಅಪಘಾತದ ಕ್ಲೇಮ್ ಹೊತ್ತಿಗೆ ಎದ್ದು ನಿಲ್ಲುತ್ತದೆ. ಗೂಡ್ಸ್ ಆಗಿ ರಿಜಿಸ್ಟರ್ ಆದ ಪಿಕಪ್‌ಗಳಿಗೆ ಫಿಟ್‌ನೆಸ್ ತಪಾಸಣೆಯೂ ಇದೆ.

ಅಂಗಡಿಗೆ ಹೋದಾಗ

ಅಳತೆಯ ಪಕ್ಕದಲ್ಲಿ 112 ಎಸ್ ಎಂಬಂಥ ಬರಹ ಇರುತ್ತದೆ. 112 ಅಂದರೆ ಒಂದು ಟಯರ್ 1120 ಕಿಲೋ ಹೊರಬಲ್ಲದು, ಎಸ್ ಅಂದರೆ ಗಂಟೆಗೆ 180 ಕಿ.ಮೀ. ವೇಗದವರೆಗೆ. ಹೊಸ ಟಯರಿನ ಭಾರದ ಅಂಕೆ ಹಳೆಯದಕ್ಕಿಂತ ಕಡಿಮೆ ಇರಬಾರದು. ಮಾಲು ಹೊರುವವರಿಗೆ ಇದು ಅಳತೆಗಿಂತಲೂ ಮುಖ್ಯ, ಆದರೆ ಕೇಳುವವರು ಕಡಿಮೆ. ಎಲ್‌ಟಿ ಅಂತ ಬರೆದ ಟಯರ್ ಹೆಚ್ಚು ಗಟ್ಟಿ, ಅದಕ್ಕೆ ಗಾಳಿಯೂ ಹೆಚ್ಚು ಬೇಕು. ಬಾಗಿಲಿನ ಅಂಚಿನ ಸ್ಟಿಕ್ಕರ್‌ನಲ್ಲಿರುವ ಪಿಎಸ್‌ಐ ಅದಕ್ಕೆ ಹೊಂದುವುದಿಲ್ಲ.

ತಾರೀಕು ನೋಡದೆ ದುಡ್ಡು ಕೊಡಬಾರದು. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕೆಯ ಸಂಖ್ಯೆ ಇರುತ್ತದೆ. 2324 ಅಂತಿದ್ದರೆ ಅದು 2024ರ 23ನೇ ವಾರ ತಯಾರಾದದ್ದು. ದೊಡ್ಡ ಅಳತೆಯ ಟಯರ್‌ಗಳಿಗೆ ಗಿರಾಕಿ ಕಡಿಮೆ, ಗೋದಾಮಿನಲ್ಲಿ ವರ್ಷಗಟ್ಟಲೆ ಕೂತದ್ದೂ ಇರುತ್ತದೆ.

ನಾಲ್ಕಲ್ಲ, ಐದು ಟಯರ್ ಲೆಕ್ಕ ಹಾಕಬೇಕು. ಸ್ಟೆಪ್ನಿ ಹಳೆಯ ಅಳತೆಯದ್ದೇ ಇದ್ದು, ಮಳೆಯಲ್ಲಿ ಹಿಂದಿನ ಒಂದು ಚಕ್ರಕ್ಕೆ ಅದನ್ನೇ ಹಾಕಬೇಕಾಗಿ ಬಂದರೆ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ಫೋರ್ ವೀಲ್ ಹಾಕಿ ಡಾಂಬರಿನಲ್ಲಿ ಓಡಿಸಿದರೆ ಗೇರ್‌ಗಳಿಗೆ ಅದು ಹೊಡೆತ. "ತರ್ಟಿ ತ್ರೀ" ಸ್ಟೆಪ್ನಿ ಗಾಡಿಯಡಿಯ ಜಾಗದಲ್ಲಿ ಹಿಡಿಯುತ್ತದಾ ಅನ್ನುವುದನ್ನು ಮೊದಲೇ ಇಟ್ಟು ನೋಡಬೇಕು.

ಕೆಲಸ ಮುಗಿದ ಮೇಲೆ ಗಾಡಿಯನ್ನು ಅಂಗಡಿ ಎದುರು ಚಂದ ನೋಡಿ ಹೊರಡಬಾರದು. ಒಂದು ಮುಂದಿನ ಚಕ್ರವನ್ನು ದಿಬ್ಬದ ಮೇಲೆ ಹತ್ತಿಸಿ, ಸ್ಟೀರಿಂಗ್ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ, ಎಲ್ಲಿ ಉಜ್ಜುತ್ತದೆ ಅಂತ ಕೆಳಗೆ ಬಗ್ಗಿ ನೋಡಬೇಕು. ಅದೇ ದಿನ ಅಲೈನ್‌ಮೆಂಟ್, ಅದೇ ದಿನ ಹೆಡ್‌ಲೈಟ್ ಇಳಿಸುವುದು. ಐನೂರು ಕಿ.ಮೀ. ಓಡಿದ ಮೇಲೆ ಸಸ್ಪೆನ್ಷನ್‌ನ ಬೋಲ್ಟ್‌ಗಳನ್ನೆಲ್ಲ ಮತ್ತೊಮ್ಮೆ ಬಿಗಿ ಮಾಡಿಸಿ, ಸಿವಿ ಬೂಟ್‌ಗಳಲ್ಲಿ ಗ್ರೀಸ್ ಚಿಮ್ಮಿದ ಗುರುತು ಇದೆಯಾ ಅಂತ ಟಾರ್ಚ್ ಹಾಕಿ ನೋಡಿಸಬೇಕು.